ಹದ್ದು ವಾಪಸ್ ಬಂತು, ವಿಷ ಮೊದಲೇ ಅಲ್ಲಿತ್ತು

ಕಳೆದ ಸಂಚಿಕೆಯಲ್ಲಿ, ಒಂದು ಕಡೆ ಪೂರ್ತಿ ಅಳಿದುಹೋದ ಹದ್ದುಗಳನ್ನು ಬೇರೆ ಕಡೆಯಿಂದ ತಂದು ಮತ್ತೆ ಬಿಡುವ ಕೆಲಸದ ಬಗ್ಗೆ ಬರೆದಿದ್ದೆ. ಕೊನೆಯಲ್ಲಿ ‘ಹೀಗೆ ಬಿಟ್ಟ ಹಕ್ಕಿಗಳಲ್ಲಿ ಕೆಲವನ್ನು ಜನ ಕೊಂದರು’ ಅಂತ ಒಂದು ವಾಕ್ಯ ಇತ್ತು. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ವಾಕ್ಯ ಹಿಡಿದೇ ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಅಷ್ಟು ದುಡ್ಡು ಸುರಿದು, ಅಷ್ಟು ದೂರದಿಂದ ತಂದು ಬಿಟ್ಟ ಹಕ್ಕಿಯನ್ನು ಯಾಕೆ ಕೊಲ್ಲುತ್ತಾರೆ? ಮಾಂಸ ತಿನ್ನಲ್ಲ, ಗರಿ ಮಾರಲ್ಲ. ಬರೀ ದ್ವೇಷವಾ?

ಉತ್ತರ: ದ್ವೇಷವೂ ಇದೆ, ಆದರೆ ಬರೀ ದ್ವೇಷ ಅಂತ ಹೇಳಿ ಕೈತೊಳೆದುಕೊಂಡರೆ ವಿಷಯ ಅರ್ಥವಾಗಲ್ಲ.

ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನ ಗುಡ್ಡಗಳಲ್ಲಿ ಗ್ರೌಸ್ ಅನ್ನುವ ಕೋಳಿಜಾತಿಯ ಹಕ್ಕಿ ಇದೆ. ಅದನ್ನು ಬೇಟೆಯಾಡಲು ಜನ ದೊಡ್ಡ ಮೊತ್ತ ಕೊಟ್ಟು ಬರುತ್ತಾರೆ. ಬೇಟೆಯ ದಿನ ಹೆಚ್ಚು ಹಕ್ಕಿ ಎದ್ದರೆ ಜಮೀನಿನ ಒಡೆಯನಿಗೆ ಹೆಚ್ಚು ಆದಾಯ. ಆ ಹಕ್ಕಿಗಳನ್ನು ಕಾಯಲು ಸಂಬಳದ ಆಳು ಇರುತ್ತಾನೆ, ಗೇಮ್‌ಕೀಪರ್ ಅಂತ. ನರಿ, ಕಾಗೆ, ಹದ್ದು, ಗಿಡುಗ ಎಲ್ಲವೂ ಲೆಕ್ಕದ ಹಕ್ಕಿಯನ್ನು ಕಡಿಮೆ ಮಾಡುವ ಕಳ್ಳರು ಅನ್ನುವ ಪಾಠ ಆ ಕೆಲಸದಲ್ಲಿ ತಲೆತಲಾಂತರದಿಂದ ಬಂದಿದೆ. ನರಿ, ಕಾಗೆಗಳನ್ನು ಕಾನೂನಿನ ಮಿತಿಯೊಳಗೆ ಕೊಲ್ಲಬಹುದು. ಹದ್ದನ್ನು ಕೊಲ್ಲುವುದು ಅಪರಾಧ. ಎಲ್ಲ ಗೇಮ್‌ಕೀಪರ್‌ಗಳೂ ಹೀಗೆ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಮಾಡುವವರು ಇದ್ದಾರೆ, ಕೋರ್ಟಿನಲ್ಲಿ ಸಾಬೀತಾಗಿದೆ.

ಎರಡನೆಯದು ಕುರಿಮರಿ. ಅದಕ್ಕೆ ಕೆಳಗೆ ಬೇರೆ ಪತ್ರವೇ ಇದೆ.

ಮೂರನೆಯದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ರೆಡ್ ಕೈಟ್ ಅನ್ನುವ ಹದ್ದು ನೋಡಿ. ರೆಕ್ಕೆ ಬಿಚ್ಚಿದರೆ ಆರಡಿ ಹತ್ತಿರ, ಕವಲೊಡೆದ ಕೆಂಗಂದು ಬಾಲ, ಗಾಳಿಯಲ್ಲಿ ಆ ಬಾಲವನ್ನು ಚುಕ್ಕಾಣಿಯ ಹಾಗೆ ತಿರುಗಿಸುತ್ತಾ ತೇಲುತ್ತದೆ. ನೋಡಿದರೆ ದೊಡ್ಡ ಬೇಟೆಗಾರ ಅನ್ನಿಸುತ್ತೆ. ಆದರೆ ಕಾಲಿನಲ್ಲಿ ಅಂಥ ಶಕ್ತಿ ಇಲ್ಲ. ಸತ್ತ ಪ್ರಾಣಿ, ಇಲಿ, ಮಳೆ ಬಿದ್ದ ಮೇಲೆ ಹೊಲದಲ್ಲಿ ಎದ್ದ ಎರೆಹುಳ, ಇಷ್ಟೇ ಅದರ ಊಟ. ನರಿಗೆ ಅಂತ ಯಾರೋ ಸತ್ತ ಮೊಲದ ಹೊಟ್ಟೆ ಸೀಳಿ ವಿಷ ತುಂಬಿ ಬಯಲಿನಲ್ಲಿ ಎಸೆದಿರುತ್ತಾರೆ. ಮೇಲಿನಿಂದ ಅದನ್ನು ಮೊದಲು ಕಾಣುವುದು ಈ ಹದ್ದಿಗೆ. ಯಾರ ಒಂದು ಮರಿಯನ್ನೂ ಮುಟ್ಟದ ಹಕ್ಕಿ ಸಾಯುತ್ತದೆ.

ಪ್ರಶ್ನೆ: ರಸ್ತೆ ಅಪಘಾತ, ವಿದ್ಯುತ್ ತಂತಿ, ಕಾಯಿಲೆ ಇವುಗಳಿಂದಲೂ ಹಕ್ಕಿ ಸಾಯುತ್ತವೆ ಅಲ್ವಾ? ವಿಷ ತಿಂದು ನಾಲ್ಕು ಸತ್ತರೆ ಅಷ್ಟು ದೊಡ್ಡ ವಿಷಯ ಯಾಕೆ?

ಉತ್ತರ: ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿ ಉತ್ತರ ಕೊಡುತ್ತೇನೆ, ಯಾಕೆಂದರೆ ಎಲ್ಲಾ ಇರುವುದು ಇಲ್ಲೇ.

ರೆಡ್ ಕೈಟ್ ಇಂಗ್ಲೆಂಡ್‌ನಲ್ಲಿಯೂ ಸ್ಕಾಟ್ಲೆಂಡ್‌ನಲ್ಲಿಯೂ ಹತ್ತೊಂಬತ್ತನೇ ಶತಮಾನ ಮುಗಿಯುವ ಮೊದಲೇ ನಿರ್ನಾಮವಾಗಿತ್ತು. ಗುಂಡು, ಬಲೆ, ವಿಷ, ಮೊಟ್ಟೆ ಕದ್ದು ಗಾಜಿನ ಪೆಟ್ಟಿಗೆಯಲ್ಲಿಡುವ ಹುಚ್ಚು, ಎಲ್ಲವೂ ಸೇರಿ ಮುಗಿಸಿದವು. ವೇಲ್ಸ್‌ನ ಕಣಿವೆಗಳಲ್ಲಿ ಬೆರಳೆಣಿಕೆಯಷ್ಟು ಜೋಡಿ ಉಳಿದವು. 1989ರಲ್ಲಿ ಎರಡು ಜಾಗಗಳಲ್ಲಿ ಒಟ್ಟಿಗೇ ಮರಿಗಳನ್ನು ಬಿಡಲು ಶುರು ಮಾಡಿದರು. ಒಂದು ದಕ್ಷಿಣ ಇಂಗ್ಲೆಂಡಿನ ಚಿಲ್ಟರ್ನ್ಸ್ ಬೆಟ್ಟಸಾಲು, ಅಲ್ಲಿಗೆ ಮರಿ ಬಂದದ್ದು ಹೆಚ್ಚಾಗಿ ಸ್ಪೇನ್‌ನಿಂದ. ಇನ್ನೊಂದು ಉತ್ತರ ಸ್ಕಾಟ್ಲೆಂಡಿನ ಬ್ಲ್ಯಾಕ್ ಐಲ್, ಅಲ್ಲಿಗೆ ಸ್ವೀಡನ್‌ನಿಂದ. ನಾಲ್ಕೈದು ವರ್ಷಗಳಲ್ಲಿ ಎರಡೂ ಕಡೆ 90ರ ಆಸುಪಾಸು ಹಕ್ಕಿ ಬಿಟ್ಟರು. ಹೆಚ್ಚುಕಡಿಮೆ ಒಂದೇ ಸಂಖ್ಯೆ, ಒಂದೇ ಸಮಯ, ಒಂದೇ ವಿಧಾನ.

2006ರ ಹೊತ್ತಿಗೆ ಚಿಲ್ಟರ್ನ್ಸ್‌ನಲ್ಲಿ ಗೂಡು ಕಟ್ಟುವ ಜೋಡಿಗಳು 300 ದಾಟಿದ್ದವು. ಬ್ಲ್ಯಾಕ್ ಐಲ್ ಕಡೆ 40ರ ಹತ್ತಿರ ನಿಂತಿತ್ತು.

ಚಳಿ ಜಾಸ್ತಿ ಇರಬಹುದು, ಆಹಾರ ಕಡಿಮೆ ಇರಬಹುದು ಅಂತ ನಿಮಗೆ ಅನ್ನಿಸಬಹುದು. ಸಂಶೋಧಕರೂ ಅದನ್ನೇ ಮೊದಲು ನೋಡಿದರು. ಆದರೆ ಒಂದು ಗೂಡಿನಿಂದ ಎಷ್ಟು ಮರಿ ಹಾರಿ ಹೋಗುತ್ತವೆ ಅಂತ ಎಣಿಸಿದರೆ ಉತ್ತರದ ಜೋಡಿಗಳು ದಕ್ಷಿಣದವಕ್ಕಿಂತ ಹಿಂದೆ ಇರಲಿಲ್ಲ. ಹುಟ್ಟುವುದು ಸರಿಯಾಗಿಯೇ ಇತ್ತು, ಬದುಕಿ ಉಳಿಯುವುದರಲ್ಲಿ ವ್ಯತ್ಯಾಸ. ಉತ್ತರದಲ್ಲಿ ಸತ್ತು ಸಿಕ್ಕ ಹಕ್ಕಿಗಳಲ್ಲಿ ಹತ್ತಕ್ಕೆ ನಾಲ್ಕು ವಿಷದಿಂದ ಸತ್ತಿದ್ದವು. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಅಕ್ರಮ ಸಾವುಗಳನ್ನು ಬದಿಗಿಟ್ಟು ಲೆಕ್ಕ ಹಾಕಿ ನೋಡಿದರು. ಹಾಗೆ ಮಾಡಿದರೆ ಬ್ಲ್ಯಾಕ್ ಐಲ್ ಕಡೆಯೂ 300 ಜೋಡಿ ಆಗಿರಬೇಕಿತ್ತು. ಅಂದರೆ ಚಿಲ್ಟರ್ನ್ಸ್ ಮತ್ತು ಬ್ಲ್ಯಾಕ್ ಐಲ್ ನಡುವೆ ಇದ್ದ ವ್ಯತ್ಯಾಸ ಮುಖ್ಯವಾಗಿ ವಿಷದ್ದು.

‘ನಾಲ್ಕು ಸತ್ತರೆ ಏನು’ ಅನ್ನುವ ಲೆಕ್ಕ ಗುಬ್ಬಿಗೆ ಸರಿಹೋಗಬಹುದು. ಹದ್ದಿಗೆ ಹೋಗಲ್ಲ. ಬಿಳಿಬಾಲದ ಕಡಲ ಹದ್ದು ಮರಿ ಮಾಡಲು ಶುರು ಮಾಡುವುದು ಐದು ವರ್ಷದ ಹೊತ್ತಿಗೆ. ಆಮೇಲೂ ವರ್ಷಕ್ಕೆ ಒಂದು ಮರಿ, ಅದೃಷ್ಟ ಇದ್ದರೆ ಎರಡು. ಆಲ್ಪ್ಸ್ ಪರ್ವತಗಳಲ್ಲಿ 1986ರಿಂದ ಮತ್ತೆ ಬಿಡುತ್ತಿರುವ ಗಡ್ಡದ ರಣಹದ್ದು ಇನ್ನೂ ನಿಧಾನ. ಎಂಟು ವರ್ಷ ಕಾಯಬೇಕು, ಗೂಡಿನಿಂದ ಹಾರುವುದು ಒಂದೇ ಮರಿ. ಮೊದಲ ಬಿಡುಗಡೆಯಿಂದ ಕಾಡಿನಲ್ಲಿ ಮೊದಲ ಮರಿ ಹಾರುವವರೆಗೆ ಹನ್ನೊಂದು ವರ್ಷ ಆಯಿತು, 1997ರಲ್ಲಿ. ಇಂಥ ಹಕ್ಕಿಯಲ್ಲಿ ದೊಡ್ಡದೊಂದನ್ನು ಕೊಂದರೆ ಆ ಜಾಗಕ್ಕೆ ಇನ್ನೊಂದು ತಯಾರಾಗಲು ವರ್ಷಗಟ್ಟಲೆ ಬೇಕು. ಅಷ್ಟರಲ್ಲಿ ಇನ್ನೊಂದನ್ನು ಕೊಂದಿರುತ್ತಾರೆ.

ಪ್ರಶ್ನೆ: ಸತ್ತ ಹಕ್ಕಿ ಸಿಕ್ಕರೆ ಅದು ವಿಷವೋ ಕಾಯಿಲೆಯೋ ಅಂತ ಹೇಗೆ ಹೇಳುತ್ತಾರೆ?

ಉತ್ತರ: ಖಚಿತವಾಗಿ ಹೇಳುವುದು ಪ್ರಯೋಗಾಲಯವೇ. ಹೊಟ್ಟೆ, ಪಿತ್ತಕೋಶ, ಯಕೃತ್ತು ಪರೀಕ್ಷೆ ಮಾಡುತ್ತಾರೆ, ಎಕ್ಸ್‌ರೇ ತೆಗೆದು ಗುಂಡಿನ ಚೂರು ಇದೆಯಾ ನೋಡುತ್ತಾರೆ. ಆದರೆ ಅನುಭವ ಇರುವವರಿಗೆ ಜಾಗದಲ್ಲೇ ಅನುಮಾನ ಬರುತ್ತದೆ. ಕಾರ್ಬೊಫ್ಯುರಾನ್ ಅನ್ನುವ ಕೀಟನಾಶಕ ನರಗಳ ಮೇಲೆ ಕೆಲಸ ಮಾಡುವ ವಿಷ, ಯುರೋಪಿನಲ್ಲಿ ನಿಷೇಧವಾಗಿ ಎಷ್ಟೋ ವರ್ಷ ಆಯಿತು, ಆದರೂ ಹಳೆಯ ಡಬ್ಬಿಗಳು ಕೊಟ್ಟಿಗೆಗಳಿಂದ ಹೊರಗೆ ಬರುತ್ತಲೇ ಇವೆ. ಅದನ್ನು ತಿಂದ ಹಕ್ಕಿ ದೂರ ಹಾರುವುದಿಲ್ಲ. ರೆಕ್ಕೆ ಅರ್ಧ ಹರಡಿಕೊಂಡು ಮುಖ ಅಡಿಯಾಗಿ ಬಿದ್ದಿರುತ್ತದೆ. ಉಗುರುಗಳು ಮುಷ್ಟಿ ಕಟ್ಟಿದ ಹಾಗೆ ಬಿಗಿದುಕೊಂಡಿರುತ್ತವೆ, ಕೆಲವೊಮ್ಮೆ ಆ ಮುಷ್ಟಿಯೊಳಗೆ ಹುಲ್ಲು ಇರುತ್ತದೆ. ಗಂಟಲ ಚೀಲದಲ್ಲಿ ನುಂಗಿದ ಮಾಂಸ ಕರಗದೆ ಹಾಗೇ ಉಳಿದಿರುತ್ತದೆ. ಪಕ್ಕದಲ್ಲಿ ಬಿದ್ದ ಮಾಂಸದ ತುಂಡಿನ ಮೇಲೆ ನೊಣಗಳು ಕೂತಿರುವುದಿಲ್ಲ, ಸತ್ತು ಬಿದ್ದಿರುತ್ತವೆ.

2014ರ ಮಾರ್ಚಿನಲ್ಲಿ, ಅದೇ ಬ್ಲ್ಯಾಕ್ ಐಲ್ ಪಕ್ಕದ ಕೊನನ್ ಬ್ರಿಜ್ ಅನ್ನುವ ಊರಿನ ಬಳಿ ಕೆಲವೇ ವಾರಗಳಲ್ಲಿ 22 ಹಕ್ಕಿ ಸತ್ತು ಸಿಕ್ಕವು. 16 ರೆಡ್ ಕೈಟ್, ಬಝರ್ಡ್ ಅನ್ನುವ ಇನ್ನೊಂದು ಜಾತಿಯ ಬೇಟೆಗಾರ ಹಕ್ಕಿ 6. ಹೆಚ್ಚಿನವು ವಿಷ ತಿಂದಿದ್ದು ಪರೀಕ್ಷೆಯಲ್ಲಿ ಖಚಿತವಾಯಿತು. ಕೈಟ್‌ಗಳನ್ನೇ ಗುರಿ ಮಾಡಿದ್ದಲ್ಲ, ಬೇರೆ ಪ್ರಾಣಿಗೆ ಇಟ್ಟದ್ದಕ್ಕೆ ಬಲಿಯಾಗಿರಬಹುದು ಅಂತ ಪೊಲೀಸರು ಆಮೇಲೆ ಹೇಳಿದರು. ಬಹುಮಾನ ಘೋಷಿಸಿದರು. ಯಾರ ಮೇಲೂ ಕೇಸ್ ನಡೆಯಲಿಲ್ಲ. ಇಪ್ಪತ್ತೈದು ವರ್ಷ ಕಾದು ಬೆಳೆಸಿದವರ ಕಣ್ಣೆದುರು, ಮನೆಯ ಹಿತ್ತಲಿಗೆ ಬಂದು ಹೋಗುತ್ತಿದ್ದ ಹಕ್ಕಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿ ಒಯ್ದರು.

ಪ್ರಶ್ನೆ: ಈಗ ಹಕ್ಕಿಗಳಿಗೆ ಜಿಪಿಎಸ್ ಟ್ಯಾಗ್ ಹಾಕುತ್ತಾರಲ್ಲ. ಎಲ್ಲಿ ಸತ್ತಿತು ಅಂತ ಗೊತ್ತಾದ ಮೇಲೆ ಕೊಂದವರು ಸಿಕ್ಕಿಬೀಳಬೇಕಲ್ವಾ?

ಉತ್ತರ: ಹಾಗೇ ಅಂದುಕೊಂಡಿದ್ದೆವು. ಕೊಲ್ಲುವವರೂ ಅಷ್ಟೇ ಯೋಚಿಸುತ್ತಾರೆ.

2020ರಲ್ಲಿ ಸ್ಕಾಟ್ಲೆಂಡಿನ ಪರ್ತ್‌ಶೈರ್‌ನಲ್ಲಿ ಬ್ರಾನ್ ಅನ್ನುವ ನದಿಯ ದಂಡೆಯಲ್ಲಿ ನಡೆಯುತ್ತಿದ್ದವರಿಗೆ ನೀರಿನಂಚಿನಲ್ಲಿ ಬೂದುಬಣ್ಣದ ಒಂದು ಪೊಟ್ಟಣ ಸಿಕ್ಕಿತು. ಸೀಸದ ತಗಡನ್ನು ಬಿಗಿಯಾಗಿ ಸುತ್ತಿದ್ದರು. ಬಿಚ್ಚಿದರೆ ಒಳಗೆ ಉಪಗ್ರಹ ಟ್ಯಾಗ್! ನಾಲ್ಕು ವರ್ಷ ಹಿಂದೆ, 2016ರಲ್ಲಿ, ಅದೇ ಕಣಿವೆಯ ಕಡೆ ಇದ್ದಕ್ಕಿದ್ದಂತೆ ಸಂಪರ್ಕ ಕಡಿದುಹೋದ, ಗೋಲ್ಡನ್ ಈಗಲ್ ಅನ್ನುವ ದೊಡ್ಡ ಹದ್ದಿನ ಬೆನ್ನಿನ ಮೇಲೆ ಇದ್ದದ್ದು ಅದು. ಸೀಸ ಯಾಕೆ ಅಂದರೆ ಅದರ ಒಳಗಿಂದ ಸಂಕೇತ ಹೊರಗೆ ಹೋಗಲ್ಲ. ಕೊಂದವರು ಕೋಪದಲ್ಲಿ ಕೈತಪ್ಪಿ ಮಾಡಿದ ಕೆಲಸ ಅಲ್ಲ ಇದು. ಸೀಸದ ತಗಡು ಮೊದಲೇ ಹೊಂದಿಸಿಟ್ಟುಕೊಂಡು, ಪಟ್ಟಿ ಬಿಚ್ಚಿ, ಸುತ್ತಿ, ನದಿಗೆ ಎಸೆದಿದ್ದಾರೆ. ಆ ಹದ್ದು ಬೇರೆ ಕಡೆಯಿಂದ ತಂದು ಬಿಟ್ಟದ್ದಲ್ಲ, ಆ ನಾಡಿನಲ್ಲೇ ಹುಟ್ಟಿದ್ದು. ಆದರೂ ಇದನ್ನು ಹೇಳಿದೆ, ಯಾಕೆಂದರೆ ತಂದು ಬಿಟ್ಟ ಹದ್ದುಗಳು ಮಾಯವಾಗುವುದೂ ಇದೇ ರೀತಿಯಲ್ಲಿ.

ಮೆರಿಕ್ ಅಂತ ಒಂದು ಎಳೆಯ ಹೆಣ್ಣು ಹದ್ದು. ದಕ್ಷಿಣ ಸ್ಕಾಟ್ಲೆಂಡಿನಲ್ಲಿ ಗೋಲ್ಡನ್ ಈಗಲ್ ತೀರಾ ಕಡಿಮೆಯಾಗಿದ್ದರಿಂದ 2018ರಿಂದ ಉತ್ತರದ ಮರಿಗಳನ್ನು ತಂದು ಅಲ್ಲಿ ಬಿಡುತ್ತಿದ್ದರು. 2022ರಲ್ಲಿ ಬಂದದ್ದು ಮೆರಿಕ್. 2023ರ ಅಕ್ಟೋಬರಿನಲ್ಲಿ ಅದರ ಟ್ಯಾಗ್ ನಿಂತುಹೋಯಿತು. ಕೊನೆಯ ಸಂಕೇತ ಬಂದ ಜಾಗಕ್ಕೆ ಹೋಗಿ ನೋಡಿದರೆ, ರಾತ್ರಿ ಮಲಗುತ್ತಿದ್ದ ಮರದ ಕೆಳಗೆ ಗರಿ, ರಕ್ತ. ಹಕ್ಕಿ ಇಲ್ಲ, ಟ್ಯಾಗ್ ಇಲ್ಲ. ನಿದ್ದೆಯಲ್ಲಿದ್ದಾಗ ಗುಂಡು ಹೊಡೆದಿರಬೇಕು ಅಂತ ಪೊಲೀಸರ ತೀರ್ಮಾನ.

ಒಂದೊಂದೇ ಕಥೆಯಾದರೆ ಆಕಸ್ಮಿಕ ಅನ್ನಬಹುದಿತ್ತು. ಸ್ಕಾಟ್ಲೆಂಡ್ ಸರ್ಕಾರ ಕೇಳಿದ ವರದಿ 2017ರಲ್ಲಿ ಬಂತು. 2004ರಿಂದ 2016ರವರೆಗೆ ಟ್ಯಾಗ್ ಹಾಕಿದ್ದ 131 ಎಳೆಯ ಗೋಲ್ಡನ್ ಈಗಲ್‌ಗಳಲ್ಲಿ 41 ಅನುಮಾನ ಬರುವ ರೀತಿಯಲ್ಲಿ ಮಾಯ. ಹೆಚ್ಚು ಕಡಿಮೆ ಮೂರಕ್ಕೆ ಒಂದು. ಟ್ಯಾಗ್ ತಾನಾಗಿ ಕೆಟ್ಟು ನಿಂತದ್ದು ತೀರಾ ಕಡಿಮೆ. ಮಾಯವಾದ ಜಾಗಗಳು ಹರಡಿಕೊಂಡಿರಲಿಲ್ಲ, ಕೆಲವೇ ಕಡೆ ಗುಂಪಾಗಿದ್ದವು, ಅವುಗಳಲ್ಲಿ ಹಲವು ಗ್ರೌಸ್ ಬೇಟೆಯ ಜಮೀನುಗಳು. ಒಬ್ಬನ ಮೇಲೆ ಕೇಸ್ ಹಾಕಲು ಇದು ಸಾಲದು, ನಿಜ. ಆದರೆ ಏನೂ ನಡೆಯುತ್ತಿಲ್ಲ ಅಂತ ಹೇಳುವವರ ಬಾಯಿ ಮುಚ್ಚಿಸಲು ಸಾಕು.

ಪ್ರಶ್ನೆ: ನಾನು ಕುರಿ ಸಾಕುವವನು. ಪೇಟೆಯಲ್ಲಿ ಕೂತು ಹದ್ದಿನ ಬಗ್ಗೆ ಕಣ್ಣೀರು ಹಾಕುವುದು ಸುಲಭ. ಹುಟ್ಟಿ ಎರಡು ದಿನ ಆದ ಮರಿ ಹೋದರೆ ನಷ್ಟ ಯಾರದು? ನಮ್ಮನ್ನು ಕೇಳಿ ಬಿಡುತ್ತಾರಾ?

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ಮತ್ತು ನೀವು ಹೇಳುವುದರಲ್ಲಿ ಅರ್ಧ ಪೂರ್ತಿ ಸರಿ. ಬಿಳಿಬಾಲದ ಹದ್ದು ಕುರಿಮರಿ ಒಯ್ಯುವುದೇ ಇಲ್ಲ ಅಂತ ಹೇಳುವವರ ಜೊತೆ ನಾನು ಇಲ್ಲ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಒಯ್ದದ್ದು ಇದೆ. ಎಷ್ಟೋ ಸಲ ಸತ್ತು ಬಿದ್ದ ಅಥವಾ ಉಳಿಯದ ಮರಿಯನ್ನೇ ಒಯ್ಯುತ್ತದೆ, ಆದರೆ ಆರೋಗ್ಯವಾಗಿದ್ದ ಮರಿ ಕಳೆದುಕೊಂಡವನಿಗೆ ಆ ಮಾತು ಹೇಳಿ ಪ್ರಯೋಜನ ಇಲ್ಲ. ಅಲ್ಲಿನ ಸರ್ಕಾರದ ಪ್ರಕೃತಿ ಸಂಸ್ಥೆ, ಹದ್ದು ಇರುವ ಕಡೆ ಕುರಿ ಸಾಕುವವರಿಗೆ ಹೆಚ್ಚುವರಿ ಕಾವಲಿಗೆ, ಮರಿ ಹಾಕುವ ಸಮಯದ ಏರ್ಪಾಡಿಗೆ ಹಣ ಕೊಡುವ ಯೋಜನೆ ನಡೆಸುತ್ತಿದೆ. ಸಾಲದು ಅನ್ನುವವರು ಇದ್ದಾರೆ. ಅವರ ಮಾತು ಕೇಳಬೇಕು.

ಕೇಳದೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಐರ್ಲೆಂಡ್ ಇದೆ. 2007ರಲ್ಲಿ ನಾರ್ವೆಯಿಂದ ಬಿಳಿಬಾಲದ ಹದ್ದಿನ ಮೊದಲ ಮರಿಗಳು ಬಂದಿಳಿದಾಗ ಕೆರಿ ವಿಮಾನ ನಿಲ್ದಾಣದಲ್ಲೇ ರೈತರು ಪ್ರತಿಭಟನೆ ಮಾಡಿದರು. ಆ ಅಪನಂಬಿಕೆ ಕಡಿಮೆ ಮಾಡಲು ವರ್ಷಗಳು ಹಿಡಿದವು.

ಆದರೆ ನಿಮ್ಮ ಮಾತಿನ ಇನ್ನರ್ಧಕ್ಕೆ ನಾನು ಒಪ್ಪಲ್ಲ. ವಿಷ ಇಟ್ಟರೆ ನಷ್ಟ ನಿಲ್ಲಲ್ಲ. ವಿಷಕ್ಕೆ ಮರಿ ಒಯ್ದ ಹದ್ದು ಯಾವುದು, ಎರೆಹುಳ ತಿನ್ನುವ ಹದ್ದು ಯಾವುದು ಗೊತ್ತಾಗಲ್ಲ. ನಿಮ್ಮ ಕುರಿ ಕಾಯುವ ನಾಯಿಗೂ ಅದೇ ಗತಿ. ಆಲ್ಪ್ಸ್‌ನ ಗಡ್ಡದ ರಣಹದ್ದನ್ನು ಕುರಿಮರಿ, ಮಕ್ಕಳನ್ನೇ ಎತ್ತಿಕೊಂಡು ಹೋಗುತ್ತದೆ ಅಂತ ನಂಬಿ, ತಲೆಗೆ ಬಹುಮಾನ ಕಟ್ಟಿ ಮುಗಿಸಿದರು. ಅದು ತಿನ್ನುವುದು ಹೆಚ್ಚಾಗಿ ಮೂಳೆ! ಬೇರೆಯವು ತಿಂದು ಬಿಟ್ಟ ಮೂಳೆಯನ್ನು ಎತ್ತರಕ್ಕೆ ಒಯ್ದು ಬಂಡೆಯ ಮೇಲೆ ಬೀಳಿಸಿ ಒಡೆದು ನುಂಗುತ್ತದೆ.

ಮತ್ತೆ, ಹದ್ದಿನಿಂದ ಬರೀ ನಷ್ಟ ಅಂತಲೂ ಅಲ್ಲ. ಸ್ಕಾಟ್ಲೆಂಡಿನ ಮಲ್ ಅನ್ನುವ ದ್ವೀಪಕ್ಕೆ ಬಿಳಿಬಾಲದ ಹದ್ದು ನೋಡಲು ಬರುವವರು ವರ್ಷಕ್ಕೆ 50 ಲಕ್ಷ ಪೌಂಡ್‌ವರೆಗೆ ಖರ್ಚು ಮಾಡುತ್ತಾರೆ ಅಂತ 2011ರ ಒಂದು ವರದಿ ಲೆಕ್ಕ ಹಾಕಿತ್ತು. ಆ ಹಣ ಹೋಟೆಲಿನವರಿಗೆ, ದೋಣಿಯವರಿಗೆ ಹೋಗುತ್ತದೆ, ಮರಿ ಕಳೆದುಕೊಂಡವರಿಗೆ ಹೋಗುತ್ತಾ ಅಂತ ನೀವು ಕೇಳಿದರೆ, ನ್ಯಾಯವಾದ ಪ್ರಶ್ನೆ.

ಪ್ರಶ್ನೆ: ಸಿಕ್ಕಿಬಿದ್ದರೆ ಶಿಕ್ಷೆ ಏನು?

ಉತ್ತರ: ಕಾಗದದ ಮೇಲೆ ಕಡಿಮೆ ಇಲ್ಲ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಆರು ತಿಂಗಳವರೆಗೆ ಜೈಲು, ಮಿತಿ ಇಲ್ಲದ ದಂಡ. ಸ್ಕಾಟ್ಲೆಂಡಿನಲ್ಲಿ 2020ರ ಕಾನೂನಿನ ಪ್ರಕಾರ ಐದು ವರ್ಷದವರೆಗೆ. ಆದರೆ ಬ್ರಿಟನ್ನಿನಲ್ಲಿ ಒಬ್ಬ ಗೇಮ್‌ಕೀಪರ್ ಹದ್ದು, ಗಿಡುಗದಂಥ ಹಕ್ಕಿಯನ್ನು ಕೊಂದದ್ದಕ್ಕೆ ನಿಜವಾಗಿ ಜೈಲಿಗೆ ಹೋದದ್ದು ಮೊದಲ ಬಾರಿಗೆ 2015ರಲ್ಲಿ. ನಾಲ್ಕು ತಿಂಗಳು. ಅದೂ ಪಂಜರದಲ್ಲಿ ಸಿಕ್ಕಿದ್ದ ಗಾಸ್‌ಹಾಕ್ ಅನ್ನುವ ಗಿಡುಗವನ್ನು ಕೋಲಿನಿಂದ ಬಡಿದು ಚೀಲಕ್ಕೆ ತುಂಬಿದ್ದು ಬಚ್ಚಿಟ್ಟ ಕ್ಯಾಮೆರಾದಲ್ಲಿ ಬಿದ್ದಿದ್ದರಿಂದ.

ಆಳು ತಪ್ಪು ಮಾಡಿದರೆ ಒಡೆಯನೂ ಹೊಣೆ ಅನ್ನುವ ಕಾನೂನು ಸ್ಕಾಟ್ಲೆಂಡಿನಲ್ಲಿ 2012ರಿಂದ ಇದೆ. ಒಳ್ಳೆಯ ಕಾನೂನು. ಅದರಡಿ 2014ರಲ್ಲಿ ಮೊದಲ ಸಲ ಒಬ್ಬ ಒಡೆಯನಿಗೆ ಬಿದ್ದ ದಂಡ 675 ಪೌಂಡ್. ನನಗೆ ಭರವಸೆ ಇರುವುದು 2024ರ ಹೊಸ ಕಾನೂನಿನ ಮೇಲೆ. ಈಗ ಗ್ರೌಸ್ ಬೇಟೆ ನಡೆಸಲು ಲೈಸೆನ್ಸ್ ಬೇಕು, ಜಮೀನಿನಲ್ಲಿ ಹದ್ದು ಕೊಂದದ್ದಕ್ಕೆ ಪುರಾವೆ ಇದ್ದರೆ ಅದನ್ನು ಕಿತ್ತುಕೊಳ್ಳಬಹುದು. ಕ್ರಿಮಿನಲ್ ಕೋರ್ಟಿನಲ್ಲಿ ಬೇಕಾಗುವಷ್ಟು ಗಟ್ಟಿ ಸಾಕ್ಷಿಯೇ ಬೇಕು ಅಂತಿಲ್ಲ. ದಂಡ ಕಟ್ಟುವುದು ಶ್ರೀಮಂತ ಒಡೆಯನಿಗೆ ಕಷ್ಟ ಅಲ್ಲ, ಬೇಟೆ ನಿಂತರೆ ಕಷ್ಟ.

ಪ್ರಶ್ನೆ: ಸಾಯಲಿಕ್ಕೆ ಅಂತ ಗೊತ್ತಿದ್ದೂ ಮರಿಗಳನ್ನು ಗೂಡಿನಿಂದ ತಂದು ಬಿಡುವುದು ಪಾಪ ಅಲ್ಲವೇ? ಅಮ್ಮನ ಹತ್ತಿರವೇ ಇರಲಿ ಬಿಡಿ.

ಉತ್ತರ: ಇದನ್ನು ಬರೆದವರು ನಿವೃತ್ತ ಶಿಕ್ಷಕಿ. ಮೇಡಂ, ನಿಮ್ಮ ಪತ್ರ ಓದಿ ಎರಡು ದಿನ ಯೋಚಿಸಿದೆ.

ಒಂದು ಪ್ರಾಣಿ ಯಾವ ಕಾರಣಕ್ಕೆ ಅಳಿಯಿತೋ ಆ ಕಾರಣವನ್ನು ಮೊದಲು ತೆಗೆಯಬೇಕು, ಆಮೇಲೆ ತಂದು ಬಿಡಬೇಕು. ಇದು ನನ್ನ ಮಾತಲ್ಲ, ಪ್ರಕೃತಿ ಸಂರಕ್ಷಣೆಗೆ ಇರುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2013ರಲ್ಲಿ ಹೊರತಂದ ಮಾರ್ಗಸೂಚಿಯಲ್ಲೇ ಇದೆ. ಐರ್ಲೆಂಡಿನಲ್ಲಿ ಆದದ್ದು ಉಲ್ಟಾ. ಬಿಳಿಬಾಲದ ಹದ್ದು ಬಂದದ್ದು 2007ರಲ್ಲಿ, ಮಾಂಸದಲ್ಲಿ ವಿಷ ಇಡುವುದನ್ನು ಕಾನೂನಿನಿಂದ ತಡೆದದ್ದು 2010ರಲ್ಲಿ. ನಡುವಿನ ವರ್ಷಗಳಲ್ಲಿ ಸತ್ತ ಹದ್ದುಗಳಿಗೆ ಯಾರು ಉತ್ತರ ಕೊಡಬೇಕು? 2013ರಲ್ಲಿ ಲಾಕ್ ಡರ್ಗ್ ಸರೋವರದ ಬಳಿ ನೂರಕ್ಕೂ ಹೆಚ್ಚು ವರ್ಷಗಳ ನಂತರ ಆ ದೇಶದಲ್ಲಿ ಮೊದಲ ಮರಿಗಳು ಹಾರಿದವು. ಮರುವರ್ಷವೇ ಅವುಗಳಲ್ಲಿ ಒಂದು ಮೈತುಂಬ ಚರೆ ತಾಗಿ ಸತ್ತು ಸಿಕ್ಕಿತು.

ಹಾಗಂತ ತರಲೇಬಾರದು ಅನ್ನುವುದಕ್ಕೆ ನನಗೆ ಮನಸ್ಸು ಬರಲ್ಲ. 1975ರಿಂದ 1985ರವರೆಗೆ ನಾರ್ವೆಯಿಂದ 82 ಬಿಳಿಬಾಲದ ಹದ್ದಿನ ಮರಿಗಳನ್ನು ಬ್ರಿಟಿಷ್ ವಾಯುಪಡೆಯ ವಿಮಾನಗಳಲ್ಲಿ ಸ್ಕಾಟ್ಲೆಂಡಿಗೆ ತಂದು ರಮ್ ದ್ವೀಪದಲ್ಲಿ ಬಿಟ್ಟರು. ಮೊದಲ ಹತ್ತು ವರ್ಷ ಒಂದೂ ಮರಿ ಇಲ್ಲ. ಆಗ ಯಾರಾದರೂ ಸಾಕು ಅಂದಿದ್ದರೆ ಇವತ್ತು ಅಲ್ಲಿ ಹದ್ದೇ ಇರುತ್ತಿರಲಿಲ್ಲ. ಸ್ಪೇನ್‌ನಿಂದ ಇಂಗ್ಲೆಂಡಿಗೆ ಹೋದ ಕೈಟ್‌ಗಳು ಇವತ್ತು ಸಾವಿರಾರು ಜೋಡಿ ಆಗಿವೆ. ಸ್ಪೇನ್‌ನ ಕೆಲವು ಕಡೆ ಅವೇ ಕಡಿಮೆಯಾಗಿವೆ, ಅಲ್ಲಿನ ಕಾರಣಗಳಲ್ಲಿಯೂ ವಿಷ ಒಂದು. 2022ರಲ್ಲಿ ಇಂಗ್ಲೆಂಡಿನ ಮರಿಗಳನ್ನು ಸ್ಪೇನ್‌ಗೆ ಕಳಿಸಲು ಶುರು ಮಾಡಿದರು. ಕೊಟ್ಟವರಿಗೇ ವಾಪಸ್.

ಪ್ರಶ್ನೆ: ಸತ್ತ ಹದ್ದು ಕಣ್ಣಿಗೆ ಬಿದ್ದರೆ ಏನು ಮಾಡಬೇಕು?

ಉತ್ತರ: ಮುಟ್ಟಬೇಡಿ. ಕೈಗವಸು ಹಾಕಿಕೊಂಡು ಕೂಡ ಬೇಡ, ಕೆಲವು ವಿಷ ಚರ್ಮದ ಮೂಲಕವೂ ಒಳಗೆ ಹೋಗುತ್ತವೆ. ಮಕ್ಕಳು, ನಾಯಿ ಹತ್ತಿರ ಹೋಗದಂತೆ ನೋಡಿ. ದೂರದಿಂದ ಒಂದು, ಹತ್ತಿರದಿಂದ ಒಂದು ಫೋಟೋ ತೆಗೆಯಿರಿ, ಪಕ್ಕದಲ್ಲಿ ಮಾಂಸದ ತುಂಡು ಇದ್ದರೆ ಅದರದ್ದೂ. ಫೋನಿನಲ್ಲಿ ಜಾಗ ಗುರುತು ಮಾಡಿ, ಪೊಲೀಸರಿಗೋ ಅರಣ್ಯ, ವನ್ಯಜೀವಿ ಇಲಾಖೆಗೋ ತಕ್ಷಣ ತಿಳಿಸಿ. ಸುಮ್ನೆ ಮಣ್ಣು ಮುಚ್ಚಿ ಬರಬೇಡಿ, ಸಾಕ್ಷಿ ಹೋಗುತ್ತದೆ. ಮೊದಲು ಸಾಮಾಜಿಕ ಜಾಲತಾಣಕ್ಕೆ ಹಾಕಬೇಡಿ, ಇಟ್ಟವನು ಬಂದು ಎತ್ತಿಕೊಂಡು ಹೋಗುತ್ತಾನೆ. ಸ್ಪೇನಿನ ಆಂಡಲೂಸಿಯಾದಲ್ಲಿ ವಿಷದ ವಾಸನೆ ಹಿಡಿಯಲು ಕಲಿಸಿದ ನಾಯಿಗಳಿವೆ, ಅವು ಪೊದೆಯೊಳಗಿನ ತುಂಡನ್ನೂ ಹುಡುಕಿ ಕೊಡುತ್ತವೆ. ಅಂಥ ನಾಯಿ ಎಲ್ಲಾ ಕಡೆ ಬರಬೇಕು.

ಪ್ರಶ್ನೆ: ನಾನು ಏಳನೇ ಕ್ಲಾಸ್. ಒಂದು ಹದ್ದನ್ನು ಕೊಂದರೆ ಅದರ ಜೋಡಿ ಏನು ಮಾಡುತ್ತೆ?

ಉತ್ತರ: ಅದು ಯಾವ ತಿಂಗಳು ಅನ್ನುವುದರ ಮೇಲೆ ಇದೆ ಪುಟ್ಟಾ. ಗೂಡಿನಲ್ಲಿ ಏನೂ ಇಲ್ಲದ ಸಮಯವಾದರೆ ಉಳಿದದ್ದು ಅದೇ ಜಾಗದಲ್ಲಿ ಇದ್ದು ಹೊಸ ಜೋಡಿಗೆ ಕಾಯುತ್ತದೆ. ಸುತ್ತಮುತ್ತ ಹದ್ದುಗಳು ಸಾಕಷ್ಟಿದ್ದರೆ ಬೇಗ ಸಿಗುತ್ತದೆ. ಹೊಸದಾಗಿ ಬಿಟ್ಟ ಕಡೆ ಇರುವುದೇ ನಾಲ್ಕಾರು, ವರ್ಷಗಟ್ಟಲೆ ಒಂಟಿಯಾಗಿ ಕೂತ ಹದ್ದುಗಳಿವೆ.

ಮೊಟ್ಟೆ ಇದ್ದಾಗ ಕೊಂದರೆ ಬೇರೆ ಕಥೆ. ಹೆಚ್ಚು ಹೊತ್ತು ಕಾವು ಕೊಡುವುದು ಹೆಣ್ಣು, ಊಟ ತರುವುದು ಗಂಡು. ಗಂಡು ಬರದಿದ್ದರೆ ಹೆಣ್ಣು ಹಸಿವು ತಡೆದುಕೊಂಡು ಕೂತಿರುತ್ತದೆ. ಕೊನೆಗೆ ಏಳಲೇಬೇಕಾಗುತ್ತದೆ. ಅದು ಊಟ ಹುಡುಕಿ ಬರುವಷ್ಟರಲ್ಲಿ ಮೊಟ್ಟೆ ತಣ್ಣಗಾಗಿರುತ್ತದೆ.